ಬೀಗವಿಲ್ಲದ ವೈಫೈ: ಅನುಮತಿ ಎಂದರೆ ಯಾವುದು?

(ಕಾನೂನು ವಿದ್ಯಾರ್ಥಿಗಳೂ ಸಾರ್ವಜನಿಕರೂ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪವಿದು. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಮಾನ್ಯರೇ,

ಉಪನ್ಯಾಸಕ್ಕೆ ಬಂದವರಿಗೆ ಮೊಬೈಲನ್ನು ಒಳಗಿಡಿ ಎಂದು ಹೇಳುವುದು ವಾಡಿಕೆ. ನಾನು ಹೊರಗೆ ತೆಗೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಸೆಟ್ಟಿಂಗ್ಸಿಗೆ ಹೋಗಿ ವೈಫೈ ಪುಟವನ್ನು ತೆರೆಯಿರಿ. ನನ್ನ ಪರದೆಯ ಮೇಲೆ ಈಗ 11 ಹೆಸರುಗಳು ಕಾಣುತ್ತಿವೆ. ಒಂಬತ್ತರ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರವಿದೆ, ಎರಡರ ಪಕ್ಕದಲ್ಲಿ ಇಲ್ಲ. ಆ ಎರಡರಲ್ಲಿ ಒಂದು ಈ ಕಟ್ಟಡದ ಯಾವುದೋ ಕೋಣೆಯಲ್ಲಿರುವ ಪ್ರಿಂಟರಿನದು ಎಂದು ಹೆಸರೇ ಹೇಳುತ್ತದೆ. ಇನ್ನೊಂದು ಎದುರು ಬೀದಿಯ ಮನೆಯೊಂದರದ್ದಿರಬೇಕು, ಏಕೆಂದರೆ ರೂಟರ್ ಕಂಪನಿ ಕೊಟ್ಟ ಹೆಸರನ್ನು ಬದಲಾಯಿಸುವ ಗೋಜಿಗೂ ಅವರು ಹೋಗಿಲ್ಲ. ಆ ಹೆಸರಿನ ಮೇಲೆ ನಾನು ಬೆರಳಿಟ್ಟರೆ ಎರಡು ಸೆಕೆಂಡಿನಲ್ಲಿ ನನಗೆ ಇಂಟರ್ನೆಟ್ ಸಿಗುತ್ತದೆ. ಅದಕ್ಕೆ ಪಾಸ್‌ವರ್ಡ್ ಬೇಕಿಲ್ಲ, ಯಾವ ಕಳ್ಳ ವಿದ್ಯೆಯೂ ಬೇಕಿಲ್ಲ. ಹಾಗೆ ಬೆರಳಿಡುವುದು ನಮ್ಮ ದೇಶದ ಕಾನೂನಿನಲ್ಲಿ ಏನಾಗುತ್ತದೆ ಎಂಬುದೇ ಇವತ್ತಿನ ವಿಷಯ.

ಇದನ್ನು ಯಾರ ಮುಂದೆ ಕೇಳಿದರೂ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳು ಬರುತ್ತವೆ. ಬೀಗ ಹಾಕದೆ ಬಿಟ್ಟದ್ದು ಅವರ ತಪ್ಪು ಎನ್ನುವುದು ಒಂದು. ಇದು ಶುದ್ಧ ಕಳ್ಳತನ ಎನ್ನುವುದು ಇನ್ನೊಂದು. ಮೂರನೆಯದು ಸ್ವಲ್ಪ ಜಾಣತನದ್ದು: “ನಾನೆಲ್ಲಿ ಅವರ ಮನೆಗೆ ಹೋದೆ? ಅವರ ಅಲೆಯೇ ಗೋಡೆ ದಾಟಿ ನನ್ನ ಮನೆಗೆ ಬಂದಿದೆಯಲ್ಲ?” ಈ ಮೂರರಲ್ಲಿ ಯಾವುದೂ ನಮ್ಮ ಕಾನೂನಿನ ಉತ್ತರವಲ್ಲ. ಕಾನೂನು ಬೀಗ ಇತ್ತೇ ಎಂದು ಕೇಳುವುದಿಲ್ಲ, ಅಲೆ ಯಾರ ಅಂಗಳದಲ್ಲಿತ್ತು ಎಂದೂ ಕೇಳುವುದಿಲ್ಲ. ಅದು ಕೇಳುವುದು ಅನುಮತಿಯನ್ನು. ಆದರೆ ಅನುಮತಿಯನ್ನು ಹೇಗೆ ಗುರುತಿಸಬೇಕು ಎಂಬುದನ್ನು ಅದು ಬಿಡಿಸಿ ಹೇಳದಿರುವುದರಿಂದ ನಮಗೆ ಇಷ್ಟು ಹೊತ್ತು ಮಾತನಾಡುವ ಕೆಲಸ ಉಳಿದಿದೆ.

ಮೊದಲು ಯಂತ್ರದ ಮಟ್ಟದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ವಕೀಲರ ವಾದವೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ವೈಫೈ ರೂಟರ್ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು ಹತ್ತು ಸಲ ತನ್ನ ಹೆಸರನ್ನು ಗಾಳಿಯಲ್ಲಿ ಸಾರುತ್ತಿರುತ್ತದೆ. ಆ ಸಾರುವಿಕೆಯಲ್ಲಿಯೇ ತನ್ನ ಬಳಿ ಗೂಢಲಿಪಿ ಇದೆಯೋ ಇಲ್ಲವೋ ಎಂಬುದನ್ನೂ ಹೇಳಿಕೊಳ್ಳುತ್ತದೆ. ನೀವು ಹೆಸರಿನ ಮೇಲೆ ಬೆರಳಿಟ್ಟಾಗ ನಿಮ್ಮ ಮೊಬೈಲ್ “ನಾನು ಸೇರಿಕೊಳ್ಳಬಹುದೇ” ಎಂಬ ಅರ್ಥದ ಕೋರಿಕೆಯೊಂದನ್ನು ಕಳಿಸುತ್ತದೆ ಮತ್ತು ರೂಟರ್ ಒಪ್ಪಿಗೆಯ ಉತ್ತರವನ್ನು ಕೊಡುತ್ತದೆ. ಆಮೇಲೆ ಮೊಬೈಲ್ ಜಾಲದೊಳಗೆ ತನ್ನನ್ನು ಗುರುತಿಸುವ ಒಂದು ವಿಳಾಸವನ್ನು (ಐಪಿ ಅಡ್ರೆಸ್) ಬೇಡುತ್ತದೆ, ರೂಟರ್ ತನ್ನ ಬಳಿ ಖಾಲಿ ಇರುವ ವಿಳಾಸವೊಂದನ್ನು ಇಷ್ಟು ಗಂಟೆಗಳ ಅವಧಿಗೆ ಎಂದು ಲೆಕ್ಕ ಹಾಕಿ ಕೊಡುತ್ತದೆ. ಕೇಳಿದ್ದೂ ಆಯಿತು, ಕೊಟ್ಟಿದ್ದೂ ಆಯಿತು, ಇನ್ನು ಅನುಮತಿ ಇಲ್ಲವೆಂದು ಹೇಳುವುದು ಹೇಗೆ ಎಂದು ಈ ಸರಣಿಯನ್ನು ತೋರಿಸಿ ಕೆಲವು ತಂತ್ರಜ್ಞರು ವಾದಿಸುತ್ತಾರೆ. ವಾದ ಚೆನ್ನಾಗಿದೆ. ಆದರೆ ಒಪ್ಪಿಗೆ ಕೊಟ್ಟದ್ದು ರೂಟರ್. ಕಾರ್ಖಾನೆಯಲ್ಲಿ ಯಾರೋ ಇಟ್ಟು ಕಳಿಸಿದ ಸೆಟ್ಟಿಂಗ್ ಪ್ರಕಾರ ಅದು ಉತ್ತರಿಸಿದೆ. ಕಾನೂನು ಕೇಳುವುದು ಮಾಲೀಕನ ಮನಸ್ಸನ್ನು, ಮತ್ತು ಮನೆಗೆ ಕೇಬಲಿನವನು ಬಂದು ಜೋಡಿಸಿಹೋದ ಮೇಲೆ ಆ ಡಬ್ಬಿಯನ್ನು ಧೂಳು ಒರೆಸಲು ಬಿಟ್ಟರೆ ಮುಟ್ಟದ ಮಾಲೀಕನಿಗೆ ಈ ವಿಷಯದಲ್ಲಿ ಮನಸ್ಸು ಎಂಬುದೇ ಇರಲಿಲ್ಲ.

ಅಲೆ ನನ್ನ ಮನೆಯೊಳಗೆ ಬಂದಿದೆ ಎಂಬ ವಾದಕ್ಕೂ ಒಂದು ಚಿಕ್ಕ ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಆಸುಪಾಸಿನ ತರಂಗಾಂತರವನ್ನು ಕಡಿಮೆ ಶಕ್ತಿಯ ಉಪಕರಣಗಳ ಮಟ್ಟಿಗೆ 2005ರ ನಿಯಮಗಳ ಮೂಲಕ ಪರವಾನಗಿಯಿಂದ ಮುಕ್ತಗೊಳಿಸಲಾಯಿತು, ಮತ್ತು 2018ರಲ್ಲಿ 5 ಗಿಗಾಹರ್ಟ್ಸ್ ಭಾಗದಲ್ಲೂ ಇನ್ನಷ್ಟು ವಿಸ್ತಾರವಾದ ವಿನಾಯಿತಿ ಬಂತು. ಆದ್ದರಿಂದಲೇ ನಾವು ಅಂಗಡಿಯಿಂದ ರೂಟರ್ ತಂದು ಯಾರನ್ನೂ ಕೇಳದೆ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ. ಆ ವಿನಾಯಿತಿ ಪ್ರಸಾರ ಮಾಡುವುದಕ್ಕೆ ಸಂಬಂಧಿಸಿದ್ದು. ಇನ್ನೊಬ್ಬರ ಪ್ರಸಾರದ ಎಳೆ ಹಿಡಿದು ಅವರ ಜಾಲದೊಳಗೆ ಹೋಗುವುದಕ್ಕೆ ಅದು ರಹದಾರಿಯಲ್ಲ.

ಈಗ ಕಾನೂನಿನ ಪುಟಕ್ಕೆ ಬರೋಣ. ನಮ್ಮಲ್ಲಿ ಈ ವಿಷಯವನ್ನು ಮುಖ್ಯವಾಗಿ ನೋಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000. ಅದರ 2ನೇ ಕಲಮಿನಲ್ಲಿರುವ “ಪ್ರವೇಶ” ಎಂಬ ಪದದ ವ್ಯಾಖ್ಯೆ ಬಹಳ ವಿಶಾಲವಾದದ್ದು: ಕಂಪ್ಯೂಟರಿನ ಅಥವಾ ಕಂಪ್ಯೂಟರ್ ಜಾಲದ ತಾರ್ಕಿಕ, ಗಣಿತೀಯ ಅಥವಾ ಸ್ಮೃತಿ ಸಂಪನ್ಮೂಲಗಳೊಳಗೆ ಹೋಗುವುದು, ಅವುಗಳಿಗೆ ಆದೇಶ ಕೊಡುವುದು, ಕೊನೆಗೆ ಅವುಗಳೊಡನೆ ಸಂವಹನ ನಡೆಸುವುದು ಕೂಡ ಪ್ರವೇಶವೇ. “ಕಂಪ್ಯೂಟರ್ ಜಾಲ”ದ ವ್ಯಾಖ್ಯೆಗೆ 2008ರ ತಿದ್ದುಪಡಿಯಲ್ಲಿ ನಿಸ್ತಂತು ಮಾಧ್ಯಮವನ್ನೂ ಸಂವಹನ ಸಾಧನಗಳನ್ನೂ ಹೆಸರಿಸಿ ಸೇರಿಸಲಾಯಿತು, ಮತ್ತು ಆ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂತು. ಹಾಗಾಗಿ ರೂಟರ್ ಎಂಬುದು ಕಂಪ್ಯೂಟರೇ ಅಲ್ಲ ಎಂಬ ವಾದ ನಮ್ಮಲ್ಲಿ ಹೆಚ್ಚು ದೂರ ನಡೆಯುವುದಿಲ್ಲ. ನನ್ನ ಮೊಬೈಲ್ ಎದುರು ಮನೆಯ ರೂಟರಿನಿಂದ ವಿಳಾಸ ಬೇಡಿ ಪಡೆದ ಕ್ಷಣದಲ್ಲಿಯೇ, ನಾನು ಒಂದು ಪುಟವನ್ನೂ ತೆರೆಯದಿದ್ದರೂ, ವ್ಯಾಖ್ಯೆಯ ಮಟ್ಟಿಗೆ ಪ್ರವೇಶ ಆಗಿಹೋಯಿತು.

ಪ್ರವೇಶ ಆದ ಮಾತ್ರಕ್ಕೆ ತಪ್ಪಾಗುವುದಿಲ್ಲ. 43ನೇ ಕಲಮಿನ ಮೊದಲ ಖಂಡದ ಪ್ರಕಾರ, ಕಂಪ್ಯೂಟರ್, ಕಂಪ್ಯೂಟರ್ ವ್ಯವಸ್ಥೆ ಅಥವಾ ಜಾಲದ ಮಾಲೀಕನ ಅಥವಾ ಅದರ ಉಸ್ತುವಾರಿ ಹೊತ್ತಿರುವ ಬೇರೆ ವ್ಯಕ್ತಿಯ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸಿದವನು ಬಾಧಿತನಾದವನಿಗೆ ಪರಿಹಾರ ಕೊಡಬೇಕಾಗುತ್ತದೆ. ಈ ವಾಕ್ಯವನ್ನು ನಿಧಾನವಾಗಿ ಓದಬೇಕು. ಇದರಲ್ಲಿ ಪಾಸ್‌ವರ್ಡ್ ಎಂಬ ಪದವಿಲ್ಲ. ಭದ್ರತೆಯನ್ನು ಮುರಿದು ಎಂಬ ಪದವಿಲ್ಲ. ದುರುದ್ದೇಶದಿಂದ ಎಂಬ ಪದವೂ ಇಲ್ಲ. ಕಾಯ್ದೆಯನ್ನು ರೂಪಿಸಿದಾಗ ಕಣ್ಣ ಮುಂದೆ ಇದ್ದದ್ದು ಬ್ಯಾಂಕಿನ ಅಥವಾ ಕಚೇರಿಯ ಕಂಪ್ಯೂಟರು, ಅಲ್ಲಿ ಅನುಮತಿ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿರುತ್ತಿತ್ತು. ಗೋಡೆ ದಾಟಿ ತನ್ನ ಹೆಸರನ್ನು ತಾನೇ ಕೂಗುವ ಯಂತ್ರವೊಂದು ಮನೆಮನೆಗೂ ಬರುತ್ತದೆ ಎಂಬುದನ್ನು ಆ ವಾಕ್ಯ ಊಹಿಸಿಲ್ಲ. ಅಕ್ಷರಶಃ ಓದಿದರೆ, ಪರಿಚಿತರ ಮನೆಗೆ ಹೋದಾಗ ಕೇಳದೆಯೇ ವೈಫೈಗೆ ಸೇರಿಕೊಂಡ ನೆಂಟನೂ ಈ ಖಂಡದೊಳಗೆ ಬೀಳುತ್ತಾನೆ. ಇದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಅತಿಯನ್ನು ತಗ್ಗಿಸುವ ದಾರಿಯೂ ಅದೇ ವಾಕ್ಯದ “ಅನುಮತಿ” ಎಂಬ ಪದದಲ್ಲಿದೆ.

ನಮ್ಮ ಹಳೆಯ ಮನೆಗಳ ಜಗುಲಿಯನ್ನು ನೆನಪು ಮಾಡಿಕೊಳ್ಳಿ. ಬಿಸಿಲಿನಲ್ಲಿ ಬಂದ ದಾರಿಹೋಕ ಯಾರನ್ನೂ ಕೇಳದೆ ಜಗುಲಿಯ ಮೇಲೆ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದ, ಯಜಮಾನ ಹೊರಗೆ ಬಂದರೆ ನೀರು ಬೇಕೇ ಎಂದು ವಿಚಾರಿಸುತ್ತಿದ್ದನೇ ಹೊರತು ಯಾಕೆ ಕೂತೆ ಎಂದು ಕೇಳುತ್ತಿರಲಿಲ್ಲ. ಅದೇ ದಾರಿಹೋಕ, ಬಾಗಿಲು ತೆರೆದೇ ಇದ್ದರೂ, ನಡುಮನೆಗೆ ಕಾಲಿಟ್ಟರೆ ಮಾತು ಬೇರೆಯಾಗುತ್ತಿತ್ತು. ಬೇಸಿಗೆಯಲ್ಲಿ ರಸ್ತೆ ಬದಿ ಅರವಟ್ಟಿಗೆ ಇಟ್ಟವರು ಕುಡಿಯಿರಿ ಎಂದು ಬೋರ್ಡು ಬರೆಯಬೇಕಿಲ್ಲ, ಮಡಕೆಯ ಮೇಲೆ ಕವುಚಿಟ್ಟ ಲೋಟವೇ ಕರೆಯುತ್ತದೆ. ಹಿತ್ತಲಿನ ಬಾವಿಗೆ ಬೇಲಿ ಇಲ್ಲದಿರಬಹುದು, ಆದರೂ ಕೊಡ ತೆಗೆದುಕೊಂಡು ಹೋಗುವವರು ಒಂದು ಮಾತು ಕೇಳಿ ಹೋಗುತ್ತಾರೆ. ಜಗುಲಿಗೂ ಬೀಗವಿಲ್ಲ, ಹಗಲು ಹೊತ್ತು ನಡುಮನೆಗೂ ಬೀಗವಿಲ್ಲ. ಯಾವುದು ಕರೆ, ಯಾವುದು ಅಲ್ಲ ಎಂಬುದನ್ನು ಜನ ಜಾಗದ ಸ್ವರೂಪದಿಂದ ಓದಿಕೊಳ್ಳುತ್ತಿದ್ದರು.

ಇದು ಬರಿಯ ಹಳ್ಳಿಯ ನೆನಪಲ್ಲ, ಕಾನೂನಿನ ಮಾತೂ ಹೌದು. 1882ರ ಭಾರತೀಯ ಸುಖಾಧಿಕಾರ ಕಾಯ್ದೆಯ 52ನೇ ಕಲಂ, ಇನ್ನೊಬ್ಬರ ಸ್ಥಿರಾಸ್ತಿಯ ಮೇಲೆ ಇಲ್ಲದಿದ್ದರೆ ಕಾನೂನುಬಾಹಿರವಾಗುವ ಕೆಲಸವನ್ನು ಮಾಡಲು ಕೊಡುವ ಅನುಮತಿಯನ್ನು ಲೈಸೆನ್ಸ್ ಎಂದು ಕರೆಯುತ್ತದೆ, ಮತ್ತು 54ನೇ ಕಲಂ ಅಂಥ ಅನುಮತಿಯನ್ನು ಬಾಯಿಬಿಟ್ಟು ಹೇಳಬಹುದು ಅಥವಾ ಕೊಡುವವನ ನಡವಳಿಕೆಯಿಂದಲೂ ಊಹಿಸಬಹುದು ಎನ್ನುತ್ತದೆ. ಭೂಮಿಗೆ ಹೇಳಿದ ಮಾತು ಜಾಲಕ್ಕೆ ಹಾಗೆಯೇ ಅನ್ವಯವಾಗುವುದಿಲ್ಲ, ನಿಜ. ಆದರೆ ನಡವಳಿಕೆಯಿಂದ ಊಹಿತವಾಗುವ ಅನುಮತಿ ನಮ್ಮ ಕಾನೂನಿಗೆ ಹೊಸದಲ್ಲ ಎಂಬುದಕ್ಕೆ ಇದು ಸಾಕ್ಷಿ. 43ನೇ ಕಲಮಿನಲ್ಲಿರುವುದು ಬರಿಯ “ಅನುಮತಿ”, “ಲಿಖಿತ ಅನುಮತಿ” ಅಲ್ಲ, “ಸ್ಪಷ್ಟ ಅನುಮತಿ”ಯೂ ಅಲ್ಲ. ಹಾಗಿದ್ದಾಗ ಕಾಫಿ ಅಂಗಡಿಯೊಂದು ತನ್ನ ಹೆಸರಿನ ಮುಂದೆ “ಉಚಿತ” ಎಂದು ಸೇರಿಸಿ ಬೀಗವಿಲ್ಲದ ಜಾಲವನ್ನು ಇಟ್ಟಿದ್ದರೆ ಅದು ಅರವಟ್ಟಿಗೆಯ ಲೋಟ. ಗ್ರಂಥಾಲಯದ ಗೋಡೆಯ ಮೇಲೆ ಅಂಟಿಸಿದ ಪಾಸ್‌ವರ್ಡ್ ಅಲ್ಲಿ ಓದಲು ಕೂತವರಿಗೆ ಕೊಟ್ಟ ಅನುಮತಿ, ಆದರೆ ಅದನ್ನು ಫೋಟೋ ತೆಗೆದು ಊರಿಗೆಲ್ಲ ಹಂಚಿದರೆ ಆ ಅನುಮತಿಯ ಎಲ್ಲೆ ದಾಟಿದಂತೆ. ಎದುರು ಮನೆಯ ರೂಟರ್ ಮಾತ್ರ, ಕಾರ್ಖಾನೆಯ ಹೆಸರನ್ನೇ ಹೊತ್ತು ಬೀಗವಿಲ್ಲದೆ ಕೂತಿರುವಾಗ, ಕರೆಯುತ್ತಿದೆ ಎಂದು ಓದಿಕೊಳ್ಳಲು ಯಾವ ಆಧಾರವೂ ಇಲ್ಲ. ಅದು ತೆರೆದಿಟ್ಟ ಬಾಗಿಲಲ್ಲ, ಹಾಕಲು ಮರೆತ ಬಾಗಿಲು.

43ರ ಅಡಿಯಲ್ಲಿ ಹೊಣೆ ಬಂದರೂ ಅದು ಜೈಲಿನ ಹೊಣೆಯಲ್ಲ. 46ನೇ ಕಲಮಿನಂತೆ ಐದು ಕೋಟಿ ರೂಪಾಯಿವರೆಗಿನ ಪರಿಹಾರದ ಕೋರಿಕೆಗಳು ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಹೋಗುತ್ತವೆ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ಆ ಅಧಿಕಾರಿ. ಪರಿಹಾರ ಬೇಕಾದರೆ ಬಾಧಿತನಾದವನು ಬಾಧೆಯನ್ನು ತೋರಿಸಬೇಕು. ಮಿತಿಯಿಲ್ಲದ ಪ್ಲಾನ್ ಇಟ್ಟುಕೊಂಡವರ ಜಾಲದಲ್ಲಿ ಪಕ್ಕದ ಮನೆಯವನು ಮಧ್ಯಾಹ್ನ ಹತ್ತು ನಿಮಿಷ ಇಮೇಲ್ ನೋಡಿದರೆ ಆದ ನಷ್ಟವನ್ನು ರೂಪಾಯಿಯಲ್ಲಿ ಬರೆಯುವುದು ಕಷ್ಟ. ತಿಂಗಳಿಗಿಷ್ಟು ಜಿಬಿ ಎಂಬ ಮಿತಿ ಇದ್ದು, ತಿಂಗಳ ಹತ್ತನೆಯ ತಾರೀಕಿಗೇ ಅದು ಮುಗಿದು, ಆನ್‌ಲೈನ್ ತರಗತಿಗೆ ಕೂರಬೇಕಾದ ಮಗಳಿಗೆ ವೇಗವೇ ಸಿಗದಿದ್ದರೆ ಲೆಕ್ಕ ಬೇರೆ.

ಇನ್ನು ಅಪರಾಧದ ಭಾಗ. 66ನೇ ಕಲಂ 43ರಲ್ಲಿ ಹೇಳಿದ ಕೃತ್ಯಗಳನ್ನೇ ಎತ್ತಿಕೊಂಡು, ಅವನ್ನು “ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ” ಮಾಡಿದರೆ ಮೂರು ವರ್ಷಗಳವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಪೊಲೀಸರು ವಾರಂಟ್ ಇಲ್ಲದೆ ಕ್ರಮ ಕೈಗೊಳ್ಳಬಹುದಾದ ಅಪರಾಧವಿದು, ಆದರೆ ಜಾಮೀನು ಸಿಗುವಂಥದ್ದು, ಮತ್ತು ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ. ಅಪ್ರಾಮಾಣಿಕ ಎಂದರೇನು, ವಂಚನೆ ಎಂದರೇನು ಎಂಬುದಕ್ಕೆ ಕಾಯ್ದೆ ಹಿಂದಿನ ಭಾರತೀಯ ದಂಡ ಸಂಹಿತೆಯ 24 ಮತ್ತು 25ನೇ ಕಲಮುಗಳತ್ತ ಕೈ ತೋರಿಸುತ್ತದೆ. 2024ರ ಜುಲೈ 1ರಿಂದ ಆ ವ್ಯಾಖ್ಯೆಗಳು ಭಾರತೀಯ ನ್ಯಾಯ ಸಂಹಿತೆಯ 2ನೇ ಕಲಮಿನಲ್ಲಿ ಇವೆ. ಸಾರ ಮಾತ್ರ ಹಳೆಯದೇ: ಅಪ್ರಾಮಾಣಿಕ ಎನ್ನಬೇಕಾದರೆ ಒಬ್ಬರಿಗೆ ಅಕ್ರಮ ಲಾಭವನ್ನೋ ಇನ್ನೊಬ್ಬರಿಗೆ ಅಕ್ರಮ ನಷ್ಟವನ್ನೋ ಉಂಟುಮಾಡುವ ಉದ್ದೇಶ ಇರಬೇಕು, ಮತ್ತು ಆ ಲಾಭ ನಷ್ಟಗಳು ಸ್ವತ್ತಿಗೆ ಸಂಬಂಧಿಸಿರಬೇಕು. ವೈಫೈ ಸೌಲಭ್ಯ ಸ್ವತ್ತೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಇದೇ ಬಗೆಯ ಪ್ರಶ್ನೆ ವಿದ್ಯುತ್ತಿನ ವಿಷಯದಲ್ಲಿ ಹಿಂದೆಯೇ ಬಂದಿತ್ತು. 1964ರಲ್ಲಿ ತೀರ್ಮಾನವಾಗಿ 1965ರ ವರದಿಗಳಲ್ಲಿ ಅಚ್ಚಾದ ಅವತಾರ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದ್ಯುತ್ತನ್ನು ಅಕ್ರಮವಾಗಿ ಎಳೆದುಕೊಳ್ಳುವುದು ದಂಡ ಸಂಹಿತೆಯ ಮೂಲ ಅರ್ಥದ ಕಳವಲ್ಲ, ವಿದ್ಯುತ್ ಕಾಯ್ದೆ ಅದನ್ನು ಕಳವೆಂದು ಭಾವಿಸಬೇಕು ಎಂದು ಹೇಳಿರುವುದರಿಂದ ಮಾತ್ರ ಕಳವು ಎಂದು ತಿಳಿಸಿತು. ಕಳವಿಗೆ ಬೇಕಾದದ್ದು ಒಬ್ಬರ ವಶದಿಂದ ಸರಿಸಬಹುದಾದ ಚರ ಸ್ವತ್ತು. ವೈಫೈಯನ್ನು ಬಳಸಿದಾಗ ಮಾಲೀಕನ ವಶದಿಂದ ಯಾವುದೂ ಹೊರಗೆ ಹೋಗುವುದಿಲ್ಲ, ಹೆಚ್ಚೆಂದರೆ ಅವನ ಪಾಲಿನ ವೇಗ ಕುಗ್ಗುತ್ತದೆ. ಆದ್ದರಿಂದ “ಶುದ್ಧ ಕಳ್ಳತನ” ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಂದು 66ನೇ ಕಲಂ ತಪ್ಪಿತೆಂದೂ ಅಲ್ಲ. ಹಣ ಕೊಟ್ಟು ಪಡೆಯಬೇಕಾದ ಸೌಲಭ್ಯವನ್ನು ಹಣ ಕೊಡಬಾರದೆಂಬ ಲೆಕ್ಕಾಚಾರದಿಂದಲೇ ತಿಂಗಳುಗಟ್ಟಲೆ ಪಕ್ಕದವರ ಜಾಲದಿಂದ ಪಡೆದವನ ಉದ್ದೇಶವನ್ನು ಅಪ್ರಾಮಾಣಿಕವೆಂದು ನ್ಯಾಯಾಲಯ ಕಂಡರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಇರುವುದಿಲ್ಲ. ಬಸ್ಸು ತಪ್ಪಿಸಿಕೊಂಡು, ನೆಟ್‌ವರ್ಕ್ ಸಿಗದ ರಸ್ತೆಯಲ್ಲಿ ನಿಂತು, ಸಿಕ್ಕ ತೆರೆದ ಜಾಲದಲ್ಲಿ ಮನೆಗೊಂದು ಸಂದೇಶ ಕಳಿಸಿದವನ ಪಕ್ಕದಲ್ಲಿ ನಿಲ್ಲಲು ನ್ಯಾಯ ಸಂಹಿತೆಯ 33ನೇ ಕಲಂ ಇದೆ: ಸಾಮಾನ್ಯ ವಿವೇಕ ಮತ್ತು ಸ್ವಭಾವದ ಮನುಷ್ಯ ದೂರು ಹೇಳದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ.

ಪಾಸ್‌ವರ್ಡ್ ಇರುವ ಜಾಲದ ಕಥೆ ಬೇರೆ, ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು 66ಸಿ ಕಲಮಿನ ಅಪರಾಧ. ಬೇರೊಬ್ಬರ ಖಾತೆಗೆ ಖರ್ಚು ಬೀಳುವಂತೆ ಮಾಡುವುದನ್ನು 43ರ ಇನ್ನೊಂದು ಖಂಡ ಹೇಳುತ್ತದೆ, ಆದರೆ ಅದಕ್ಕೆ ಕಂಪ್ಯೂಟರನ್ನು ತಿರುಚಿರಬೇಕು, ಬೀಗವಿಲ್ಲದ ಜಾಲಕ್ಕೆ ಸುಮ್ಮನೆ ಸೇರಿಕೊಂಡವನು ಯಾವುದನ್ನೂ ತಿರುಚಿರುವುದಿಲ್ಲ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂ ಮಾತ್ರ ನನ್ನನ್ನು ಸ್ವಲ್ಪ ಕಾಡುತ್ತದೆ. 2024ರ ಜೂನ್ 26ರಿಂದ ಜಾರಿಯಲ್ಲಿರುವ ಈ ಕಲಂ ದೂರಸಂಪರ್ಕ ಜಾಲಕ್ಕೆ ಅನಧಿಕೃತ ಪ್ರವೇಶ ಪಡೆಯುವುದಕ್ಕೆ, ಅದರ ಪ್ರಯತ್ನಕ್ಕೂ ಸೇರಿಸಿ, ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಇಟ್ಟಿದೆ. ಗುರಿ ಇರುವುದು ಕಂಪನಿಗಳ ಗೋಪುರ, ಸ್ವಿಚ್ಚು ಮತ್ತು ಗ್ರಾಹಕರ ದತ್ತಾಂಶದ ಮೇಲೆ ಎಂಬುದು ಕಾಯ್ದೆಯನ್ನು ಇಡಿಯಾಗಿ ಓದಿದವರಿಗೆ ತಿಳಿಯುತ್ತದೆ. ಆದರೂ ಅಡುಗೆಮನೆಯ ಕಪಾಟಿನ ಮೇಲಿರುವ ರೂಟರಿಗೂ ಈ ಮಾತನ್ನು ಎಳೆಯಲು ಯಾರಾದರೂ ಹೊರಟರೆ ತಡೆಯಲು ಅಲ್ಲಿ ಸ್ಪಷ್ಟ ಪದಗಳಿಲ್ಲ, ಅದನ್ನು ಬರೆಯಬಹುದಿತ್ತು.

ಬೇರೆ ದೇಶಗಳಲ್ಲಿ ಏನಾಯಿತು ಎಂಬುದನ್ನು ನೋಡಿದರೆ ನಮ್ಮ ಗೊಂದಲ ನಮ್ಮದೊಂದೇ ಅಲ್ಲವೆಂದು ಸಮಾಧಾನವಾಗುತ್ತದೆ. ಲಂಡನ್ನಿನ ಪಶ್ಚಿಮ ಭಾಗದಲ್ಲಿ ಮನೆಯೊಂದರ ಮುಂದೆ ನಿಂತು ಲ್ಯಾಪ್‌ಟಾಪಿನಿಂದ ಆ ಮನೆಯ ವೈಫೈ ಬಳಸಿದವನಿಗೆ 2005ರಲ್ಲಿ 500 ಪೌಂಡ್ ದಂಡ ಬಿತ್ತು. ಅಲ್ಲಿನ 2003ರ ಸಂವಹನ ಕಾಯ್ದೆಯಲ್ಲಿ, ಹಣ ಕೊಡದಿರುವ ಉದ್ದೇಶದಿಂದ ವಿದ್ಯುನ್ಮಾನ ಸಂವಹನ ಸೇವೆಯನ್ನು ಅಪ್ರಾಮಾಣಿಕವಾಗಿ ಪಡೆಯುವುದೇ ಒಂದು ಪ್ರತ್ಯೇಕ ಅಪರಾಧ. ಸಿಂಗಪುರದಲ್ಲಿ ನೆರೆಯವರ ಜಾಲ ಬಳಸಿದ 17ರ ಹುಡುಗನ ಮೇಲೆ 2006ರಲ್ಲಿ ಮೊಕದ್ದಮೆ ಹೂಡಿ, ಮುಂದಿನ ವರ್ಷ 18 ತಿಂಗಳ ಪರಿವೀಕ್ಷಣೆಗೆ (ಪ್ರೊಬೇಷನ್) ಒಳಪಡಿಸಿದರು. ಅಮೆರಿಕದ ಮಿಷಿಗನ್ ರಾಜ್ಯದ ಸ್ಪಾರ್ಟಾ ಎಂಬ ಸಣ್ಣ ಊರಿನ ಪ್ರಕರಣ ನನಗೆ ಇವೆಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ. ಒಬ್ಬಾತ ಪದೇಪದೇ ಕಾಫಿ ಅಂಗಡಿಯ ಹೊರಗೆ ಕಾರು ನಿಲ್ಲಿಸಿ, ಒಳಗೆ ಹೋಗಿ ಕಾಫಿ ಕುಡಿಯದೆ, ಗ್ರಾಹಕರಿಗೆಂದು ಇಟ್ಟಿದ್ದ ತೆರೆದ ವೈಫೈಯಲ್ಲಿ ಇಮೇಲ್ ನೋಡುತ್ತಿದ್ದ. ಪೊಲೀಸರು ಬಂದು ಏನು ಮಾಡುತ್ತಿದ್ದೀಯೆಂದು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿಯೂ ಬಿಟ್ಟ, ಏಕೆಂದರೆ ಅದು ತಪ್ಪೆಂದು ಅವನಿಗೆ ಹೊಳೆದಿರಲಿಲ್ಲ. ಅದು ಅಪರಾಧವೆಂಬುದು ಅಂಗಡಿಯವರಿಗೂ ತಿಳಿದಿರಲಿಲ್ಲ. 2007ರಲ್ಲಿ 400 ಡಾಲರ್ ದಂಡ ಮತ್ತು 40 ಗಂಟೆಗಳ ಸಮುದಾಯ ಸೇವೆಯೊಂದಿಗೆ ಅದು ಮುಗಿಯಿತು. ಒಂದು ಲೋಟ ಕಾಫಿ ಕೊಂಡಿದ್ದರೆ ಅದೇ ಕೃತ್ಯ ನ್ಯಾಯಸಮ್ಮತವಾಗುತ್ತಿತ್ತು. ಅನುಮತಿ ಎಂಬುದು ಎಷ್ಟು ತೆಳುವಾದ ಗೆರೆಯ ಮೇಲೆ ನಿಂತಿರುತ್ತದೆ ಎಂಬುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳುವುದು.

ಜರ್ಮನಿಯ ವುಪ್ಪರ್ಟಾಲ್ ಪಟ್ಟಣದ ಕೆಳ ನ್ಯಾಯಾಲಯ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಮಾತನ್ನು ತಾನೇ ಬದಲಿಸಿತು. ತೆರೆದ ಜಾಲ ಬಳಸಿದವನನ್ನು 2007ರಲ್ಲಿ ಅದು ತಪ್ಪಿತಸ್ಥನೆಂದಿತು, 2010ರಲ್ಲಿ ಅಂಥದ್ದೇ ಇನ್ನೊಂದು ಪ್ರಕರಣದಲ್ಲಿ ಅಪರಾಧವಿಲ್ಲ ಎಂದಿತು. ರೂಟರ್ ಕೊಟ್ಟ ವಿಳಾಸ ಬೇರೊಬ್ಬರಿಗೆಂದು ಕಳಿಸಿದ ಸಂದೇಶವನ್ನು ಕದ್ದು ಕೇಳಿದ್ದಲ್ಲ, ಕೇಳಿದವನಿಗೇ ಕೊಟ್ಟ ಉತ್ತರ ಎಂಬುದು ಎರಡನೆಯ ಸಲದ ತರ್ಕ, ಮತ್ತು ಮೇಲಿನ ನ್ಯಾಯಾಲಯವೂ ಅದನ್ನು ಒಪ್ಪಿತು. ಅದೇ 2010ರ ಮೇ ತಿಂಗಳಲ್ಲಿ ಆ ದೇಶದ ಸಿವಿಲ್ ಪ್ರಕರಣಗಳ ಅತ್ಯುನ್ನತ ನ್ಯಾಯಾಲಯ ಇನ್ನೊಂದು ಬದಿಯಿಂದ ಮಾತನಾಡಿ, ರಜೆಗೆ ಹೋಗಿದ್ದಾಗ ತನ್ನ ಭದ್ರತೆಯಿಲ್ಲದ ವೈಫೈಯಿಂದ ಯಾರೋ ಹಾಡೊಂದನ್ನು ಅಕ್ರಮವಾಗಿ ಹಂಚಿದ್ದಕ್ಕೆ ಮಾಲೀಕನ ಮೇಲೆ ಸೀಮಿತ ಹೊಣೆ ಹೊರಿಸಿತು. ಏಳು ವರ್ಷಗಳ ನಂತರ, 2017ರಲ್ಲಿ, ಅಲ್ಲಿನ ಸಂಸತ್ತು ಕಾನೂನು ತಿದ್ದಿ ವೈಫೈ ಒದಗಿಸುವವರನ್ನು ಆ ಭಾರದಿಂದ ಬಿಡಿಸಿತು.

ಮಾಲೀಕನ ಮಾತು ಬಂದದ್ದರಿಂದ ನಮ್ಮಲ್ಲಿ ಈ ಚರ್ಚೆ ನಿಜವಾಗಿ ಶುರುವಾದದ್ದು ಹೇಗೆ ಎಂಬುದನ್ನು ಹೇಳಲೇಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾಗಿ 50ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷಗಳ ಮುಂಚೆ ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ಅದರ ಜಾಡು ಹಿಡಿದ ತನಿಖೆ ನವಿ ಮುಂಬಯಿಯ ಒಂದು ಫ್ಲಾಟಿಗೆ ಬಂದು ನಿಂತಿತು. ಅಲ್ಲಿ ಬಾಡಿಗೆಗಿದ್ದವರು ಒಬ್ಬ ಅಮೆರಿಕನ್ ಪ್ರಜೆ. ಮನೆಯ ಕಂಪ್ಯೂಟರುಗಳನ್ನು ವಶಕ್ಕೆ ತೆಗೆದುಕೊಂಡರು, ವಿಚಾರಣೆ ನಡೆಯಿತು. ಅವರ ವೈಫೈಗೆ ಭದ್ರತೆ ಇರಲಿಲ್ಲ, ಯಾರೋ ಅದನ್ನು ಹೊರಗಿನಿಂದ ಬಳಸಿಕೊಂಡಿದ್ದರು ಎಂಬ ತೀರ್ಮಾನಕ್ಕೆ ಬರುವ ಹೊತ್ತಿಗೆ ಅವರ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅದೇ ವರ್ಷ ಆಗಸ್ಟಿನಲ್ಲೂ, ದೆಹಲಿ ಸ್ಫೋಟಗಳಾದ ಸೆಪ್ಟೆಂಬರ್ 13ರಂದೂ ಬಂದ ಇಮೇಲುಗಳ ಜಾಡು ಮತ್ತೆ ಮುಂಬಯಿಯ ಬೇರೆಬೇರೆಯವರ ವೈಫೈಗೇ ಹೋಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು.

ಯಾಕೆ ಹೀಗಾಗುತ್ತದೆ ಎಂಬುದು ಸರಳ. ಮನೆಯೊಳಗೆ ಹತ್ತು ಸಾಧನಗಳಿದ್ದರೂ ಹೊರಜಗತ್ತಿಗೆ ಕಾಣುವುದು ರೂಟರಿನ ಒಂದೇ ವಿಳಾಸ. ಇಂಟರ್ನೆಟ್ ಕಂಪನಿಯ ದಾಖಲೆಯಲ್ಲಿ ಆ ವಿಳಾಸದ ಪಕ್ಕದಲ್ಲಿರುವುದು ಬಿಲ್ ಕಟ್ಟುವವರ ಹೆಸರು. ಒಳಗೆ ಯಾವ ಸಾಧನ ಏನು ಮಾಡಿತು ಎಂಬುದರ ನೆನಪು ಎಷ್ಟೋ ಮನೆ ರೂಟರುಗಳಲ್ಲಿ ಕರೆಂಟು ಹೋಗಿ ಬಂದರೆ ಅಳಿಸಿಹೋಗುತ್ತದೆ. ಈ ಘಟನೆಗಳ ನಂತರ 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿ, ವೈಫೈ ಬಳಸುವವರ ಗುರುತನ್ನು ಖಚಿತಪಡಿಸಿಕೊಳ್ಳುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ವಿಮಾನ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ವೈಫೈಗೆ ಸೇರಿಕೊಂಡರೆ ಮೊಬೈಲ್ ನಂಬರ್ ಕೇಳಿ ಒಟಿಪಿ ಕಳಿಸುವ ಪುಟವೊಂದು ಎದುರಾಗುತ್ತದಲ್ಲ, ಅದರ ಬೇರು ಇಲ್ಲಿದೆ. ಅಂಥ ಜಾಲಗಳೂ ಪಟ್ಟಿಯಲ್ಲಿ ಬೀಗವಿಲ್ಲದೆಯೇ ಕಾಣುತ್ತವೆ ಎಂಬುದನ್ನು ಗಮನಿಸಿ. ಬೀಗವಿಲ್ಲ, ಆದರೆ ಅನುಮತಿಯ ಷರತ್ತು ಒಳಗೆ ಬರೆದಿದೆ. ಬೀಗದ ಚಿತ್ರವನ್ನು ನೋಡಿ ಕಾನೂನನ್ನು ನಿರ್ಧರಿಸಬಾರದು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಸೇರಿಕೊಳ್ಳುವುದು ಒಂದು ವಿಷಯ, ಸೇರಿಕೊಂಡ ಮೇಲೆ ಅಥವಾ ಸೇರದೆಯೇ ಅಲ್ಲಿ ಹರಿಯುವುದನ್ನು ಎತ್ತಿಕೊಳ್ಳುವುದು ಇನ್ನೊಂದು. 2010ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ, ತನ್ನ ಸ್ಟ್ರೀಟ್ ವ್ಯೂ ಕಾರುಗಳು ಬೀದಿಯ ಚಿತ್ರ ತೆಗೆಯುತ್ತ ಹೋಗುವಾಗ ತೆರೆದ ವೈಫೈ ಜಾಲಗಳಲ್ಲಿ ಹರಿಯುತ್ತಿದ್ದ ದತ್ತಾಂಶದ ತುಣುಕುಗಳನ್ನೂ ಸಂಗ್ರಹಿಸಿದ್ದವೆಂದು ಒಪ್ಪಿಕೊಂಡಿತು. ಎಲ್ಲರಿಗೂ ಸಿಗುವ ರೇಡಿಯೋ ಪ್ರಸಾರದಂತೆಯೇ ಇದು ಎಂಬ ಅದರ ವಾದವನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಒಪ್ಪಲಿಲ್ಲ. ನಮ್ಮ ಬೆಂಗಳೂರಿನಲ್ಲಿ ಆ ಕಾರುಗಳನ್ನು ಪೊಲೀಸರು 2011ರಲ್ಲಿ ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು, ಆದರೆ ಅಲ್ಲಿನ ಆತಂಕ ಚಿತ್ರಗಳದ್ದು ಮತ್ತು ಭದ್ರತೆಯದ್ದು. ನಮ್ಮ ಕಾಯ್ದೆಯ ಮಟ್ಟಿಗೆ, ಅನುಮತಿಯಿಲ್ಲದೆ ಜಾಲದಿಂದ ದತ್ತಾಂಶವನ್ನು ಇಳಿಸಿಕೊಳ್ಳುವುದು ಅಥವಾ ನಕಲು ಮಾಡುವುದು 43ನೇ ಕಲಮಿನ ಎರಡನೆಯ ಖಂಡಕ್ಕೆ ನೇರವಾಗಿ ಸಿಗುತ್ತದೆ. ಪಕ್ಕದ ಮನೆಯ ವೈಫೈಯಲ್ಲಿ ಸುದ್ದಿ ಓದಿದವನ ಬಗ್ಗೆ ನನಗಿರುವ ಮೃದು ಧೋರಣೆ, ಅದೇ ಜಾಲದಲ್ಲಿ ಹಂಚಿಟ್ಟಿದ್ದ ಅವರ ಮನೆಯ ಫೋಟೋಗಳನ್ನು ತೆರೆದು ನೋಡಿದವನ ಬಗ್ಗೆ ಇಲ್ಲ.

ತನ್ನ ವೈಫೈಯನ್ನು ಜಗುಲಿಯಂತೆ ಇಡಬೇಕು ಎಂಬ ಆಸೆ ಇರುವವರಿಗೂ ನಮ್ಮಲ್ಲಿ ಈಗ ಒಂದು ದಾರಿ ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ವಾಣಿ ಯೋಜನೆಯ ಪ್ರಕಾರ ಕಿರಾಣಿ ಅಂಗಡಿಯವರೂ ಚಹಾ ಅಂಗಡಿಯವರೂ ಪರವಾನಗಿಯಿಲ್ಲದೆ, ನೋಂದಣಿಯಿಲ್ಲದೆ, ಶುಲ್ಕವಿಲ್ಲದೆ ಸಾರ್ವಜನಿಕ ಡೇಟಾ ಕಚೇರಿ ಎಂಬ ಹೆಸರಿನಲ್ಲಿ ವೈಫೈ ಒದಗಿಸಬಹುದು. ಗುರುತು ಪರೀಕ್ಷೆ ಮತ್ತು ಲೆಕ್ಕದ ಕೆಲಸವನ್ನು ಅವರ ಹಿಂದಿರುವ ಸಂಸ್ಥೆ ನೋಡಿಕೊಳ್ಳುತ್ತದೆ. ಎಲ್ಲರಿಗೂ ಬಿಡುವುದೇ ಉದ್ದೇಶವಾದರೆ ಇದು ರೂಟರಿನ ಪಾಸ್‌ವರ್ಡ್ ತೆಗೆದು ಸುಮ್ಮನಾಗುವುದಕ್ಕಿಂತ ಮೇಲು, ಏಕೆಂದರೆ ಇಲ್ಲಿ ಕರೆಯೂ ಸ್ಪಷ್ಟ, ಬಂದವರಾರೆಂಬುದೂ ದಾಖಲೆಯಲ್ಲಿರುತ್ತದೆ.

ಮಾತು ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಎದ್ದು, ಬಾಡಿಗೆ ಮನೆಯಲ್ಲಿರುವ ತಮಗೆ ಮಾಲೀಕರ ಮಗ ಪಾಸ್‌ವರ್ಡ್ ಹೇಳಿದ್ದಾನೆ, ಆದರೆ ಮಾಲೀಕರಿಗೆ ಗೊತ್ತಿಲ್ಲ, ಇದು ಅನುಮತಿಯೇ ಎಂದು ಕೇಳಿದ. ಸಭೆ ನಕ್ಕಿತು, ಆದರೆ ಪ್ರಶ್ನೆ ಗಟ್ಟಿಯಾದದ್ದೇ. ಕಲಮಿನಲ್ಲಿ ಮಾಲೀಕನ ಜೊತೆಗೆ ಉಸ್ತುವಾರಿ ಹೊತ್ತವನನ್ನೂ ಹೆಸರಿಸಿದೆ. ರೂಟರಿನ ವ್ಯವಹಾರವನ್ನೆಲ್ಲ ಮನೆಯಲ್ಲಿ ನೋಡಿಕೊಳ್ಳುವವನು ಮಗನೇ ಆಗಿದ್ದರೆ ಅವನ ಮಾತು ಸಾಕು ಎಂದು ವಾದಿಸಬಹುದು. ಅವನು ಹತ್ತನೆಯ ತರಗತಿಯ ಹುಡುಗನಾಗಿದ್ದು ಅಪ್ಪನಿಗೆ ಹೇಳಬೇಡಿ ಅಣ್ಣಾ ಎಂದು ಸೇರಿಸಿದ್ದರೆ ಸಾಲದು. ಹುಡುಗ ಹಾಗೆಯೇ ಹೇಳಿದ್ದನೆಂದು ವಿದ್ಯಾರ್ಥಿ ಒಪ್ಪಿಕೊಂಡ.

ಇನ್ನೊಂದು ಪ್ರಶ್ನೆ ನಿವೃತ್ತ ಶಿಕ್ಷಕಿಯೊಬ್ಬರದು. ಅವರ ಮೊಬೈಲ್ ಬೀದಿಯಲ್ಲಿ ನಡೆದು ಹೋಗುವಾಗ ತಾನಾಗಿಯೇ ಯಾವುದೋ ವೈಫೈಗೆ ಸೇರಿಕೊಳ್ಳುತ್ತದಂತೆ, ಹಾಗಾದರೆ ತಾವೂ ತಪ್ಪಿತಸ್ಥರೇ ಎಂದು ಕೇಳಿದರು. ಹಿಂದೊಮ್ಮೆ ಸೇರಿಕೊಂಡ ತೆರೆದ ಜಾಲದ ಹೆಸರನ್ನು ಮೊಬೈಲ್ ನೆನಪಿಟ್ಟುಕೊ‍ಂಡಿರುತ್ತದೆ, ಅದೇ ಹೆಸರಿನ ಇನ್ನೊಂದು ತೆರೆದ ಜಾಲ ಕಂಡರೆ ಅದೇ ಇದು ಎಂದು ಭಾವಿಸಿ ಸೇರಿಕೊಳ್ಳುತ್ತದೆ. ಅವರಿಗೆ ಉದ್ದೇಶವೇ ಇಲ್ಲದಿರುವುದರಿಂದ 66ನೇ ಕಲಂ ಅವರ ಹತ್ತಿರಕ್ಕೂ ಬರುವುದಿಲ್ಲ. 43ರಲ್ಲಿ ಉದ್ದೇಶದ ಮಾತಿಲ್ಲ, ಆದರೆ ಯಾರಿಗೂ ನಷ್ಟವಾಗದೆ ಪರಿಹಾರದ ಪ್ರಶ್ನೆ ಏಳುವುದಿಲ್ಲ ಎಂದೆ. ಆಮೇಲೆ ಅವರ ಮೊಬೈಲ್ ತೆಗೆದುಕೊಂಡು, ಉಳಿಸಿಟ್ಟ ಜಾಲಗಳ ಪಟ್ಟಿಯನ್ನು ತೆರೆದು ತೋರಿಸಿದೆ. ಊರೂರು ಸುತ್ತಿ ಬಂದವರ ಪಟ್ಟಿ ಉದ್ದವಾಗಿಯೇ ಇತ್ತು. ಒಂದೊಂದೇ ಹೆಸರನ್ನು ಓದಿ, ಇದು ಮಗಳ ಮನೆಯದು ಇರಲಿ, ಇದು ಯಾವುದೋ ಲಾಡ್ಜಿನದು ತೆಗೆಯಿರಿ ಎನ್ನುತ್ತ ಅವರು ಅಳಿಸಲು ಕೂತರು.